ಖಾಲಿ ಪೆಟ್ಟಿಗೆಯ ವ್ಯಾಕರಣ: ಯನಬು ಅಕಿರ ಅವರ ಅನುವಾದಪದ ಸಿದ್ಧಾಂತದ ಮರುಪರಿಶೀಲನೆ

1872ರ ಮೇ ತಿಂಗಳಲ್ಲಿ, ಅಮೆರಿಕದಲ್ಲಿ ಜಪಾನಿನ ರಾಜತಾಂತ್ರಿಕ ಪ್ರತಿನಿಧಿಯಾಗಿದ್ದ ಮೊರಿ ಅರಿನೊರಿ ಅವರು ಯೇಲ್‌ನ ಭಾಷಾವಿಜ್ಞಾನಿ ವಿಲಿಯಂ ಡ್ವೈಟ್ ವಿಟ್ನಿ ಅವರಿಗೆ ಒಂದು ಪತ್ರ ಬರೆದರು. ಜಪಾನೀ ಭಾಷೆ ಆಧುನಿಕ ಜ್ಞಾನದ ಭಾರವನ್ನು ಹೊರಲಾರದು, ಆದ್ದರಿಂದ ಇಂಗ್ಲಿಷನ್ನು, ಅದರ ಅನಿಯಮಿತ ಕ್ರಿಯಾರೂಪಗಳನ್ನು ಸರಳಗೊಳಿಸಿ, ಜಪಾನಿನಲ್ಲಿ ಬಳಕೆಗೆ ತರಬಹುದೇ ಎಂಬುದು ಅವರ ವಿಚಾರಣೆ. ವಿಟ್ನಿ ಜೂನ್ ತಿಂಗಳ ಉತ್ತರದಲ್ಲಿ ಈ ಯೋಜನೆಯನ್ನು ಒಪ್ಪಲಿಲ್ಲ. ಜನಸಾಮಾನ್ಯರನ್ನು ತಲುಪಬೇಕಾದರೆ ಅವರ ಮಾತಿನ ಮೂಲಕವೇ ತಲುಪಬೇಕೆಂದರು. ಮರುವರ್ಷ ಮೊರಿ ನ್ಯೂಯಾರ್ಕಿನಲ್ಲಿ ಪ್ರಕಟಿಸಿದ ಗ್ರಂಥದ ಪೀಠಿಕೆಯಲ್ಲಿ, ಚೀನೀ ಭಾಷೆಯ ನೆರವಿಲ್ಲದೆ ಜಪಾನೀ ಭಾಷೆಗೆ ಸ್ವಂತ ಬಲವಿಲ್ಲವೆಂಬ ವಾದ ಮತ್ತೆ ಕಾಣಿಸಿಕೊಂಡಿತು. ಅದೇ 1873ರಲ್ಲಿ ಬಾಬಾ ತತ್ಸುಯಿ ಲಂಡನ್ನಿನಲ್ಲಿ ಜಪಾನೀ ಭಾಷೆಯ ಒಂದು ವ್ಯಾಕರಣವನ್ನು ಪ್ರಕಟಿಸಿ ಮೊರಿಯವರ ವಾದವನ್ನು ಅಲ್ಲಗಳೆದರು. ವ್ಯವಸ್ಥಿತ ವ್ಯಾಕರಣ ಬರೆಯಲು ಸಾಧ್ಯವಿರುವ ಭಾಷೆಯನ್ನು ಅಪೂರ್ಣವೆನ್ನಲಾಗದು. ಪರಭಾಷೆಯನ್ನು ಹೇರಿದರೆ ಮೇಲುವರ್ಗ ಮತ್ತು ಕೆಳವರ್ಗಗಳ ನಡುವೆ ಗೋಡೆ ಏಳುತ್ತದೆ ಎಂಬುದು ಅವರ ಸಮರ್ಥನೆ. ಆ ಸಮರ್ಥನೆ ಇಂಗ್ಲಿಷಿನಲ್ಲಿತ್ತು ಎಂಬುದನ್ನು ಮರೆಯುವಂತಿಲ್ಲ.

ಈ ವಿವಾದ ಸಾಮಾನ್ಯವಾಗಿ ಶಿಕ್ಷಣದ ಚರಿತ್ರೆಯಲ್ಲಿ ಒಂದು ವಿಚಿತ್ರ ಪ್ರಸಂಗವಾಗಿ ದಾಖಲಾಗುತ್ತದೆ. ಆದರೆ ಅದರ ಒಳಗಿನ ಪ್ರಶ್ನೆ ಭಾಷಾವಿಜ್ಞಾನದ್ದು. ಅನ್ಯ ನಾಗರಿಕತೆಯ ಪರಿಕಲ್ಪನೆಗಳನ್ನು ಅನುವಾದದ ಮೂಲಕ ಪಡೆದ ಭಾಷೆಯೊಂದು ಆ ಪರಿಕಲ್ಪನೆಗಳಲ್ಲಿ ನಿಜವಾಗಿ ಯೋಚಿಸಬಲ್ಲುದೇ, ಇಲ್ಲವೇ ಅರ್ಥವಿಲ್ಲದ ಶಬ್ದಗಳನ್ನು ಗೌರವದಿಂದ ಉಚ್ಚರಿಸುತ್ತಿರುತ್ತದೆಯೇ? ಒಂದು ಶತಮಾನದ ನಂತರ ಈ ಪ್ರಶ್ನೆಯನ್ನು ಅತ್ಯಂತ ಪ್ರಭಾವಶಾಲಿಯಾಗಿ ಎತ್ತಿದವರು ಯನಬು ಅಕಿರ (1928–2018). 1982ರಲ್ಲಿ ಇವಾನಾಮಿ ಶಿನ್‌ಶೊ ಮಾಲೆಯಲ್ಲಿ ಬಂದ ಅವರ ‘ಹೊನ್‌ಯಾಕುಗೊ ಸೇರಿತ್ಸು ಜಿಜೋ’, ಎಂದರೆ ‘ಅನುವಾದಪದಗಳು ರೂಪುಗೊಂಡ ಸಂದರ್ಭ’ ಎಂಬ ಪುಸ್ತಕ, ಗಾತ್ರದಲ್ಲಿ ಚಿಕ್ಕದು. ಅದರ ನೆರಳು ಉದ್ದವಾದದ್ದು. ಮೇಜಿ ಯುಗದ ಪರಿಭಾಷೆಯನ್ನು ಕುರಿತು ಬರೆಯುವ ಯಾರೂ ಅದನ್ನು ದಾಟಿ ಹೋಗುವಂತಿಲ್ಲ. ಪ್ರಸ್ತುತ ಲೇಖನವು ಅದರ ಕೇಂದ್ರ ಸಿದ್ಧಾಂತವನ್ನು ಭಾಷಿಕ ಸಾಕ್ಷ್ಯದ ಎದುರು ಇಟ್ಟು ನೋಡುತ್ತದೆ. ಯನಬು ಮೊರಿಯವರ ವಿರೋಧಿಯಂತೆ ಕಾಣುತ್ತಾರೆ. ಆದರೆ ಮೊರಿಯವರ ಸಂಶಯವನ್ನೇ ಅವರು ಬೇರೆ ರೂಪದಲ್ಲಿ ಉಳಿಸಿಕೊಂಡಿದ್ದಾರೆ ಎಂಬುದು ಇಲ್ಲಿಯ ವಾದ.

ಕರಂಡಕದ ರೂಪಕ

ಪುಸ್ತಕವು ಹತ್ತು ಪದಗಳ ಚರಿತ್ರೆಯನ್ನು ಹೇಳುತ್ತದೆ: ‘ಶಕಾಯ್’ (ಸಮಾಜ), ‘ಕೊಜಿನ್’ (ವ್ಯಕ್ತಿ), ‘ಕಿಂದಾಯ್’ (ಆಧುನಿಕ ಯುಗ), ‘ಬಿ’ (ಸೌಂದರ್ಯ), ‘ರೆನ್‌ಆಯ್’ (ಪ್ರಣಯ), ‘ಸೊನ್‌ಜಾಯ್’ (ಅಸ್ತಿತ್ವ), ‘ಶಿಜೆನ್’ (ಪ್ರಕೃತಿ), ‘ಕೆನ್ರಿ’ (ಹಕ್ಕು), ‘ಜಿಯೂ’ (ಸ್ವಾತಂತ್ರ್ಯ), ಕೊನೆಗೆ ‘ಕರೆ’ ಮತ್ತು ‘ಕನೊಜೊ’ (ಅವನು, ಅವಳು). ಮೊದಲ ಆರು ಬಹುಮಟ್ಟಿಗೆ ಅನುವಾದಕ್ಕಾಗಿಯೇ ಹುಟ್ಟಿದವು. ಉಳಿದವು ಹಳೆಯ ಪದಗಳಿಗೆ ಹೊಸ ಅರ್ಥ ಸೇರಿದವು. ಈ ವಿಭಜನೆ ಯನಬು ಅವರದೇ. ಇದರ ಮಹತ್ವಕ್ಕೆ ಮುಂದೆ ಬರುತ್ತೇನೆ.

ಅವರ ಸಿದ್ಧಾಂತಕ್ಕೆ ‘ಕ್ಯಾಸೆಟ್ ಪರಿಣಾಮ’ ಎಂಬ ಹೆಸರಿದೆ. ಇಲ್ಲಿ ಕ್ಯಾಸೆಟ್ ಎಂದರೆ ಧ್ವನಿಸುರುಳಿಯಲ್ಲ, ಫ್ರೆಂಚ್ ಮೂಲಾರ್ಥದ ಒಡವೆಯ ಪುಟ್ಟ ಕರಂಡಕ. ಕರಂಡಕದೊಳಗೆ ಏನಿದೆಯೆಂದು ತಿಳಿಯದಿದ್ದರೂ ಅದರ ಅಂದವೇ ಕಣ್ಣನ್ನು ಸೆಳೆಯುತ್ತದೆ. ಒಳಗೆ ಅಮೂಲ್ಯವಾದುದೇನೋ ಇದೆಯೆಂಬ ನಂಬಿಕೆ ಹುಟ್ಟುತ್ತದೆ. ಎರಡು ಚೀನೀ ಅಕ್ಷರಗಳ ಜೋಡಣೆಯಿಂದಾದ ಹೊಸ ಅನುವಾದಪದವೂ ಹಾಗೆಯೇ. ಅರ್ಥ ತೆಳುವಾಗಿದ್ದಷ್ಟೂ ಅದರ ಆಕರ್ಷಣೆ ಹೆಚ್ಚು, ಬಳಕೆಯೂ ಹೆಚ್ಚು. 1875ರಲ್ಲಿ ‘ತೋಕ್ಯೊ ನಿಚಿನಿಚಿ’ ಪತ್ರಿಕೆಯಲ್ಲಿ ಫುಕುಚಿ ಗೆನ್‌ಇಚಿರೊ ‘ಶಕಾಯ್’ ಪದವನ್ನು ಬಳಸಿದ ಮೇಲೆ ಅದು ಹರಡಿದ ವೇಗವನ್ನು ಯನಬು ಹೀಗೆ ವಿವರಿಸುತ್ತಾರೆ. ಅದಕ್ಕೆ ಮೊದಲು ಫುಕುಜಾವಾ ಯುಕಿಚಿ ಬಳಸುತ್ತಿದ್ದುದು ‘ನಿಂಗೆನ್ ಕೋಸಾಯ್’, ಎಂದರೆ ಮನುಷ್ಯರ ಪರಸ್ಪರ ಒಡನಾಟ. ಫುಕುಜಾವಾ ಬಳಕೆಯ ಮಾತಿನಲ್ಲಿ ಯೋಚಿಸಿದರು, ನಂತರದವರು ಕರಂಡಕಗಳನ್ನು ಜೋಡಿಸಿದರು ಎಂಬ ವ್ಯತ್ಯಾಸವನ್ನು ಯನಬು ಒತ್ತಿ ಹೇಳುತ್ತಾರೆ.

ಈ ಸಿದ್ಧಾಂತದ ಬಲವನ್ನು ಒಪ್ಪದಿರುವುದು ಅನ್ಯಾಯ. ಪದದ ಚರಿತ್ರೆ ಎಂದರೆ ಅರ್ಥದ ಚರಿತ್ರೆ ಎಂದುಕೊಂಡಿದ್ದ ಕಾಲದಲ್ಲಿ, ಅರ್ಥವಾಗದಿರುವಿಕೆಯೂ ಪದವೊಂದರ ಪ್ರಸಾರಕ್ಕೆ ಕಾರಣವಾಗಬಲ್ಲುದೆಂದು ತೋರಿಸಿದ್ದು ಸಣ್ಣ ಸಾಧನೆಯಲ್ಲ. ಮೇಜಿ ಲೇಖಕರನ್ನು ‘ಪಶ್ಚಿಮವನ್ನು ಯಶಸ್ವಿಯಾಗಿ ಅರಗಿಸಿಕೊಂಡವರು’ ಎಂದು ಹೊಗಳುವ ಸುಲಭದ ಚರಿತ್ರೆಗೆ ಇದು ಒಳ್ಳೆಯ ಮದ್ದು. ತೊಂದರೆ ಶುರುವಾಗುವುದು ‘ಖಾಲಿ’ ಎಂಬ ಮಾತಿನಿಂದ.

ತುಂಬಿದ ಪೆಟ್ಟಿಗೆಯ ಅಪಾಯ

ಪರಿಚಿತ ಪದ ಅರ್ಥವನ್ನು ಕಾಪಾಡುತ್ತದೆ, ಅಪರಿಚಿತ ಪದ ಅರ್ಥವನ್ನು ಮರೆಸುತ್ತದೆ ಎಂಬುದು ಯನಬು ವಾದದ ತಳಹದಿ. ಅವರೇ ಚರ್ಚಿಸುವ ಒಂದು ಉದಾಹರಣೆ ಇದಕ್ಕೆ ವಿರುದ್ಧವಾಗಿ ನಿಲ್ಲುತ್ತದೆ. ನಕಮುರಾ ಮಸನಾವೊ 1872ರಲ್ಲಿ ಜಾನ್ ಸ್ಟೂಅರ್ಟ್ ಮಿಲ್ ಅವರ ಸ್ವಾತಂತ್ರ್ಯವನ್ನು ಕುರಿತ ಗ್ರಂಥವನ್ನು ‘ಜಿಯೂ ನೊ ರಿ’ ಎಂದು ಅನುವಾದಿಸಿದಾಗ ‘ಶಕಾಯ್’ ಪದ ಇನ್ನೂ ನೆಲೆಗೊಂಡಿರಲಿಲ್ಲ. ಸಮಾಜ ಎಂಬುದಕ್ಕೆ ಅವರು ‘ನಕಮಾ ರೆನ್‌ಚೂ’, ಎಂದರೆ ಒಡನಾಡಿಗಳ ಗುಂಪು, ಎಂಬ ಪರಿಚಿತ ಮಾತನ್ನಿಟ್ಟು, ‘ಎಂದರೆ ಸರಕಾರ’ ಎಂದು ವಿವರಣೆ ಸೇರಿಸಿದರು. ಮಿಲ್ ಅವರ ಗ್ರಂಥದ ಜೀವಾಳವೇ ಸರಕಾರದ ದಬ್ಬಾಳಿಕೆ ಬೇರೆ, ಸಮಾಜದ ದಬ್ಬಾಳಿಕೆ ಬೇರೆ, ಎರಡನೆಯದು ಹೆಚ್ಚು ಆಳಕ್ಕೆ ಇಳಿಯಬಲ್ಲದು ಎಂಬ ಭೇದ. ಅನುವಾದದಲ್ಲಿ ಅಳಿಸಿಹೋದದ್ದು ಇದೇ ಭೇದ. ಅದನ್ನು ಅಳಿಸಿದ್ದು ಖಾಲಿ ಪೆಟ್ಟಿಗೆಯಲ್ಲ, ತುಂಬಿ ತುಳುಕುತ್ತಿದ್ದ ಪೆಟ್ಟಿಗೆ. ‘ನಕಮಾ’ ಮತ್ತು ‘ಸೇಫು’ ಎರಡಕ್ಕೂ ತಮ್ಮದೇ ಆದ ಅರ್ಥಭಾರವಿತ್ತು. ಹೊಸ ಭೇದಕ್ಕೆ ಅವು ಜಾಗ ಬಿಡಲಿಲ್ಲ. ಮೂರು ವರ್ಷಗಳ ನಂತರ ಬಂದ ‘ಶಕಾಯ್’ ತನ್ನ ತೆಳು ಅರ್ಥದಿಂದಲೇ ಆ ಜಾಗವನ್ನು ಒದಗಿಸಿತು ಎನ್ನಬಹುದು.

ಇನ್ನೊಂದು ಅಡ್ಡಿಯೂ ಇದೆ. ಪೆಟ್ಟಿಗೆ ಖಾಲಿ ಎನ್ನಬೇಕಾದರೆ ಎಲ್ಲೋ ಒಂದು ಕಡೆ ತುಂಬಿದ ಪೆಟ್ಟಿಗೆ ಇರಬೇಕು. ಯನಬು ಅವರಿಗೆ ಆ ತುಂಬಿದ ಪೆಟ್ಟಿಗೆ ಯುರೋಪಿನ ಮೂಲಪದ. ಆದರೆ 1859ರ ಮಿಲ್ ಅವರ ಇಂಗ್ಲಿಷಿನಲ್ಲಿ ಸಮಾಜ, ವ್ಯಕ್ತಿ ಎಂಬ ಪದಗಳು ಇತ್ಯರ್ಥವಾದವಲ್ಲ, ವಾದಕ್ಕೆ ಗುರಿಯಾದವು. ಆ ಗ್ರಂಥ ಬರೆಯುವ ಅಗತ್ಯ ಬಿದ್ದದ್ದೇ ಅದಕ್ಕಾಗಿ. ಮೂಲವನ್ನು ಸ್ಥಿರವೆಂದೂ ಅನುವಾದವನ್ನು ಕೊರತೆಯೆಂದೂ ಎಣಿಸಿದಾಗ, ಇಂಗ್ಲಿಷಿನ ಪೂರ್ಣತೆಯನ್ನೂ ಜಪಾನಿಯ ಬಡತನವನ್ನೂ ಕುರಿತ ಮೊರಿಯವರ ನಂಬಿಕೆ ಹಿಂಬಾಗಿಲಿನಿಂದ ಒಳಬರುತ್ತದೆ.

‘ವಿದೇಶೀ’ ಎಂಬುದು ಒಂದೇ ದಿಕ್ಕಿನಿಂದ ಬಂದದ್ದೂ ಅಲ್ಲ. ‘ಕೆನ್ರಿ’ ಪದದ ದಾರಿಯನ್ನು ನೋಡಿ. ಅಮೆರಿಕನ್ ಮಿಷನರಿ ಡಬ್ಲ್ಯು. ಎ. ಪಿ. ಮಾರ್ಟಿನ್ ಅವರು ಹೆನ್ರಿ ವೀಟನ್ ಅವರ ಅಂತರರಾಷ್ಟ್ರೀಯ ಕಾನೂನಿನ ಗ್ರಂಥವನ್ನು ಚೀನೀ ಭಾಷೆಗೆ ತಂದು 1864ರಲ್ಲಿ ಬೀಜಿಂಗಿನಲ್ಲಿ ಪ್ರಕಟಿಸಿದರು. ಮರುವರ್ಷವೇ ಅದರ ಜಪಾನೀ ಮರುಮುದ್ರಣ ಬಂತು. ಅಧಿಕಾರ ಮತ್ತು ಲಾಭ ಎಂಬ ಎರಡು ಅಕ್ಷರಗಳ ಈ ಜೋಡಣೆಯಲ್ಲಿ ನ್ಯಾಯದ ಸುಳಿವೇ ಇಲ್ಲವೆಂದು ಯನಬು ಆಕ್ಷೇಪಿಸುತ್ತಾರೆ, ಆಕ್ಷೇಪ ಸರಿಯೇ. ಫುಕುಜಾವಾ ಬಳಸಿದ ‘ತ್ಸೂಗಿ’ಯಲ್ಲಿ ಆ ಸುಳಿವು ಇತ್ತು, ಅದು ಉಳಿಯಲಿಲ್ಲ. ಆದರೆ ಇಲ್ಲಿ ಅಮೆರಿಕದ ಕಾನೂನು, ಚೀನೀ ವಿದ್ವತ್ ಗದ್ಯ, ಮಿಷನರಿ ಕೈ, ಜಪಾನೀ ಓದುಗ, ಎಲ್ಲವೂ ಒಂದೇ ಪದದಲ್ಲಿ ಕೂಡಿವೆ. ಜಪಾನೀ ಭಾಷಾಶಾಸ್ತ್ರವು ‘ಹೊರಗಿನಿಂದ ಬಂದ ಪದ’, ಅಂದರೆ ‘ಗೈರಾಯ್‌ಗೊ’, ಎಂಬ ವರ್ಗದಲ್ಲಿ ಸಾಮಾನ್ಯವಾಗಿ ಪಾಶ್ಚಾತ್ಯ ಪದಗಳನ್ನಷ್ಟೇ ಎಣಿಸುತ್ತದೆ. ಚೀನೀ ಮೂಲದ ‘ಕಾಂಗೊ’ಗಳಿಗೆ ಬೇರೆ ಮನೆ. ಪರಿಭಾಷೆಯೇ ಹೀಗೆ ಒಂದು ನಾಗರಿಕತೆಯನ್ನು ಒಳಗಿನದು, ಇನ್ನೊಂದನ್ನು ಹೊರಗಿನದು ಎಂದು ಮೊದಲೇ ತೀರ್ಮಾನಿಸಿಬಿಟ್ಟಿದೆ. ಜಪಾನ್ ‘ಮುಚ್ಚಿದ ದೇಶ’ವಾಗಿತ್ತು ಎನ್ನಲು ನಾವು ಬಳಸುವ ‘ಸಕೊಕು’ ಎಂಬ ಪದವೂ ಅನುವಾದವೇ: 1801ರಲ್ಲಿ ಶಿಜುಕಿ ತದಾವೊ ಎಂಗೆಲ್‌ಬರ್ಟ್ ಕೆಂಪ್‌ಫರ್ ಅವರ ಬರಹವನ್ನು ಡಚ್ಚಿನಿಂದ ತರುವಾಗ ಅದನ್ನು ಟಂಕಿಸಿದರು. ಬಾಗಿಲು ಮುಚ್ಚಿದ್ದೇವೆಂಬ ತಿಳಿವಳಿಕೆಯೂ ಬಾಗಿಲ ಸಂದಿಯಿಂದಲೇ ಬಂದಿತ್ತು.

ಅದಕ್ಕೂ ಮೊದಲೇ, 1774ರಲ್ಲಿ ಸುಗಿತಾ ಗೆನ್‌ಪಕು ಮತ್ತು ಸಂಗಡಿಗರು ಡಚ್ ಅಂಗರಚನಾ ಗ್ರಂಥವನ್ನು ಅನುವಾದಿಸುವಾಗ ನರಕ್ಕೆ ‘ಶಿನ್‌ಕೇ’ ಎಂಬ ಪದ ಕಟ್ಟಿದ್ದರು. ಉದಗಾವಾ ಯೋಆನ್ ಆಮ್ಲಜನಕಕ್ಕೆ ‘ಸಾನ್‌ಸೊ’ ಎಂದದ್ದು ಡಚ್ ಪದದ ಅವಯವಗಳನ್ನು ಒಂದೊಂದಾಗಿ ಹಿಡಿದು. ಈ ಪದಗಳನ್ನು ಯಾರೂ ಖಾಲಿ ಎನ್ನುವುದಿಲ್ಲ. ಶವಚ್ಛೇದದ ಮೇಜು, ಪ್ರಯೋಗದ ಬುಡ್ಡಿ ಅವುಗಳಿಗೆ ಅರ್ಥ ತುಂಬಿದವು. ಹಾಗಾದರೆ ಸಮಾಜ, ಹಕ್ಕು ಇಂಥ ಪದಗಳಿಗೆ ಅರ್ಥ ತುಂಬುವ ಮೇಜು ಯಾವುದು? ಈ ಪ್ರಶ್ನೆಯನ್ನು ಯನಬು ಕೇಳುವುದಿಲ್ಲ.

ಸ್ಥಾನವೇ ಅರ್ಥ

ಭಾಷಾವಿಜ್ಞಾನಿ ಕೊಡಬಹುದಾದ ಮೊದಲ ಉತ್ತರ: ವಾಕ್ಯ. ಪುಸ್ತಕದ ಉತ್ತಮ ಅಧ್ಯಾಯಗಳಲ್ಲೊಂದಾದ ‘ಶಿಜೆನ್’ ಅಧ್ಯಾಯವನ್ನೇ ತೆಗೆದುಕೊಳ್ಳೋಣ. 1889ರಲ್ಲಿ ಇವಾಮೊತೊ ಯೊಶಿಹರು ಸಾಹಿತ್ಯ ಮತ್ತು ‘ಶಿಜೆನ್’ ಕುರಿತು ಬರೆದದ್ದಕ್ಕೆ ಮೊರಿ ಓಗಾಯ್ ಪ್ರತಿವಾದ ಹೂಡಿದರು. ಇಬ್ಬರೂ ಒಂದೇ ಪದವನ್ನಿಟ್ಟುಕೊಂಡು ಎರಡು ಬೇರೆ ವಿಷಯಗಳನ್ನು ಮಾತಾಡುತ್ತಿದ್ದರೆಂದು ಯನಬು ತೋರಿಸುತ್ತಾರೆ. ಇವಾಮೊತೊ ಅವರಲ್ಲಿ ‘ತಾನೇ ತಾನಾಗಿ, ಕೃತಕವಲ್ಲದೆ’ ಎಂಬ ಹಳೆಯ ಅರ್ಥ ಮುಂದಾಗಿದೆ. ಓಗಾಯ್ ಅವರಲ್ಲಿ ಮನಸ್ಸಿಗೆ, ಕಲೆಗೆ ಎದುರಾಗಿ ನಿಲ್ಲುವ ಜರ್ಮನ್ ‘ನಾಟೂರ್’. ಓದು ಅದ್ಭುತವಾಗಿದೆ. ಆದರೆ ಇದರಿಂದ ಅವರು ತೆಗೆಯುವ ತೀರ್ಮಾನ, ಎರಡು ಅರ್ಥಗಳು ಕಲಸಿಹೋಗಿ ಭೇದ ಕಾಣದಂತಾಯಿತು ಎಂಬುದು, ವಾಕ್ಯರಚನೆಯನ್ನು ಗಮನಿಸಿದರೆ ನಿಲ್ಲುವುದಿಲ್ಲ.

ಇಂದಿನ ಜಪಾನಿಯಲ್ಲಿ ‘ಶಿಜೆನ್ ನಿ’ ಎಂದು ಕ್ರಿಯಾವಿಶೇಷಣವಾಗಿ ಬಂದಾಗ, ‘ಶಿಜೆನ್ ನ’ ಎಂದು ವಿಶೇಷಣವಾಗಿ ಬಂದಾಗ ಸಾಮಾನ್ಯವಾಗಿ ಹಳೆಯ ಅರ್ಥವೇ: ಸಹಜವಾಗಿ, ಸಹಜವಾದ. ‘ಶಿಜೆನ್ ಒ ಮಮೊರು’, ಎಂದರೆ ಪ್ರಕೃತಿಯನ್ನು ಕಾಪಾಡು, ಎಂದು ಕರ್ಮಸ್ಥಾನದಲ್ಲಿ ನಾಮಪದವಾಗಿ ಬಂದಾಗ ಹೊಸ ಅರ್ಥ. ಹಳೆಯ ಬಳಕೆಯಲ್ಲಿ ಈ ಪದ ಮುಖ್ಯವಾಗಿ ಕ್ರಿಯಾವಿಶೇಷಣದ ಜಾಗದಲ್ಲಿತ್ತು. ಅನುವಾದವು ಅದಕ್ಕೆ ನಾಮಪದದ ಜಾಗವನ್ನು ತೆರೆಯಿತು. ಎರಡೂ ಅರ್ಥಗಳು ಈಗ ಒಂದೇ ಮನೆಯ ಬೇರೆ ಬೇರೆ ಕೋಣೆಗಳಲ್ಲಿವೆ. ಇವಾಮೊತೊ ಮತ್ತು ಓಗಾಯ್ ಜಗಳವಾಡಿದ್ದು ನಾಮಪದದ ಕೋಣೆಯ ಒಡೆತನ ಇನ್ನೂ ತೀರ್ಮಾನವಾಗದ ದಿನಗಳಲ್ಲಿ. ಕನ್ನಡ ಓದುಗರಿಗೆ ಇದು ಬೇಗ ಹೊಳೆಯುತ್ತದೆ: ನಾವು ‘ಸಹಜ’, ‘ಪ್ರಕೃತಿ’ ಎಂಬ ಎರಡು ಪದಗಳಿಂದ ಮಾಡುವ ಕೆಲಸವನ್ನು ಜಪಾನೀ ಭಾಷೆ ಒಂದೇ ಪದದ ಎರಡು ಸ್ಥಾನಗಳಿಂದ ಮಾಡುತ್ತದೆ. ‘ಜಿಯೂ’ ಪದದಲ್ಲೂ, ಇಷ್ಟು ಸ್ಪಷ್ಟವಾಗಿ ಅಲ್ಲದಿದ್ದರೂ, ಇಂಥದೇ ಹಂಚಿಕೆ ಕಾಣಸಿಗುತ್ತದೆ. ಹಳೆಯ ಪದಗಳಿಗೆ ಹೊಸ ಅರ್ಥ ಸೇರಿದ ಗುಂಪಿಗೆ ಕರಂಡಕದ ರೂಪಕ ಹೊಂದುವುದೇ ಇಲ್ಲ. ಆದರೆ ಪುಸ್ತಕದ ಅತ್ಯಂತ ತೂಕದ ಪುಟಗಳಿರುವುದು ಆ ಗುಂಪಿನಲ್ಲಿಯೇ.

ಹೊಸದಾಗಿ ಹುಟ್ಟಿದ ಪದಗಳ ಮಾತು? ಅಲ್ಲಿಯೂ ಒಂಟಿ ಪದವನ್ನು ಹಿಡಿದು ನೋಡುವ ಕ್ರಮ ಸಾಲದು. ‘ಶಕಾಯ್’ ಬಂದಾಗ ಒಬ್ಬಂಟಿಯಾಗಿ ಬರಲಿಲ್ಲ. ‘ಶಕಾಯ್‌ತೆಕಿ’ (ಸಾಮಾಜಿಕ), ‘ಶಕಾಯ್‌ಸೇ’ (ಸಾಮಾಜಿಕತೆ), ‘ಶಕಾಯ್‌ಕಾ’ (ಸಾಮಾಜೀಕರಣ), ‘ಶಕಾಯ್‌ಶುಗಿ’ (ಸಮಾಜವಾದ) ಎಂಬ ಪರಿವಾರಕ್ಕೆ ಅದು ದಾರಿ ಮಾಡಿತು. ಈ ಪ್ರತ್ಯಯಗಳಲ್ಲಿ ‘-ತೆಕಿ’ಯ ಕಥೆ ರುಚಿಕಟ್ಟಾಗಿದೆ. ಇಂಗ್ಲಿಷಿನ ‘-ಟಿಕ್’ ಅಂತ್ಯದೊಂದಿಗೆ ಉಚ್ಚಾರಣೆಯ ಹೋಲಿಕೆಯಿಂದಾಗಿ ಅನುವಾದಕರು ಅದನ್ನು ತಮಾಷೆಗೆಂದು ಬಳಸತೊಡಗಿದರು, ತಮಾಷೆಯೇ ರೂಢಿಯಾಯಿತು ಎಂದು ಒತ್ಸುಕಿ ಫುಮಿಹಿಕೊ ದಾಖಲಿಸಿದ್ದಾರೆ. ಚೀನೀ ಆಡುನುಡಿಯ ಕಾದಂಬರಿಗಳ ಮೂಲಕ ಆ ಅಕ್ಷರ ಮೊದಲೇ ಪರಿಚಿತವಾಗಿತ್ತು. ಒತ್ಸುಕಿ ಡಚ್ ವಿದ್ಯೆಯ ಪಂಡಿತ ಒತ್ಸುಕಿ ಗೆಂತಕು ಅವರ ಮೊಮ್ಮಗ. ವೆಬ್‌ಸ್ಟರ್ ನಿಘಂಟಿನ ಮಾದರಿಯನ್ನು ಮುಂದಿಟ್ಟುಕೊಂಡು ‘ಗೆಂಕಾಯ್’ (1889–91) ಎಂಬ ಜಪಾನೀ ನಿಘಂಟನ್ನು ಕಟ್ಟಿದವರು. ತಮಾಷೆಯ ಕಥೆ ಎಷ್ಟು ನಿಜವೋ, ಪ್ರತ್ಯಯದ ಕೆಲಸ ಮಾತ್ರ ತಮಾಷೆಯದಲ್ಲ. ಯಾವ ಕಾಂಗೊ ನಾಮಪದವನ್ನಾದರೂ ವಿಶೇಷಣವಾಗಿಸುವ ಸೌಲಭ್ಯ ಒಮ್ಮೆ ದೊರೆತ ಮೇಲೆ, ‘ಕೊಜಿನ್‌ತೆಕಿ’ಗೆ ಎದುರಾಗಿ ‘ಶಕಾಯ್‌ತೆಕಿ’ ನಿಲ್ಲುತ್ತದೆ. ವ್ಯಕ್ತಿ ಮತ್ತು ಸಮಾಜ ಎಂಬ ವಿರೋಧ ಇಡೀ ಶಬ್ದಕೋಶದೊಳಗೆ ಹರಡುತ್ತದೆ. ಪೆಟ್ಟಿಗೆ ತುಂಬುವುದು ಹೀಗೆ, ಪಕ್ಕದ ಪೆಟ್ಟಿಗೆಗಳೊಂದಿಗಿನ ಸಂಬಂಧದಿಂದ. ಸೊಸ್ಯೂರ್ ಓದಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪದವನ್ನು ವ್ಯವಸ್ಥೆಯಿಂದ ಕಿತ್ತು ‘ಒಳಗೇನಿದೆ’ ಎಂದು ಇಣುಕಿದರೆ ಯಾವ ಭಾಷೆಯ ಯಾವ ಅಮೂರ್ತ ಪದವೂ ಖಾಲಿಯಾಗಿಯೇ ಕಾಣುತ್ತದೆ.

ಇಲ್ಲಿ ಕನ್ನಡದೊಂದಿಗಿನ ಹೋಲಿಕೆ ಅಲಂಕಾರಕ್ಕಾಗಿ ಅಲ್ಲ. ಚೀನೀ ಭಾಷೆ ಜಪಾನಿಗೆ ಒದಗಿಸಿದ ಸಾಮಗ್ರಿಯನ್ನು ನಮಗೆ ಸಂಸ್ಕೃತ ಒದಗಿಸಿತು. ‘ಸಂಶೋಧನೆ ಮಾಡು’, ‘ಸಂಶೋಧಿಸು’ ಎಂಬಲ್ಲಿ ‘ಮಾಡು’, ‘-ಇಸು’ ಮಾಡುವ ಕೆಲಸವನ್ನೇ ಜಪಾನಿಯಲ್ಲಿ ‘ಸುರು’ ಮಾಡುತ್ತದೆ. ಆದರೆ ವಿಶೇಷಣದ ವಿಷಯದಲ್ಲಿ ದಾರಿಗಳು ಬೇರೆಯಾಗುತ್ತವೆ. ‘ಸಮಾಜ’ದಿಂದ ‘ಸಾಮಾಜಿಕ’, ‘ವ್ಯಕ್ತಿ’ಯಿಂದ ‘ವೈಯಕ್ತಿಕ’ ಎನ್ನುವಾಗ ನಾವು ಪದವನ್ನಷ್ಟೇ ಅಲ್ಲ, ಸಂಸ್ಕೃತದ ಆದಿವೃದ್ಧಿ ನಿಯಮವನ್ನೂ ಎರವಲು ತಂದಿದ್ದೇವೆ. ಜಪಾನೀ ಭಾಷೆ ಒಂದೇ ಪ್ರತ್ಯಯವನ್ನು, ನಾಮಪದದ ರೂಪ ಕೆಡಿಸದೆ, ಎಲ್ಲಕ್ಕೂ ಅಂಟಿಸುತ್ತದೆ. ಹಕ್ಕಿನ ವಿಷಯದಲ್ಲಂತೂ ನಾವು ಸಂಸ್ಕೃತವನ್ನೇ ಬಿಟ್ಟು, ಅರಬ್ಬಿ ಮೂಲದಿಂದ ಪಾರಸಿಯ ಮೂಲಕ ಬಂದ ‘ಹಕ್ಕು’ ಎಂಬ ಪದವನ್ನು ಉಳಿಸಿಕೊಂಡೆವು. ಆ ಪದ ಜಮೀನಿನ ವ್ಯಾಜ್ಯ, ದಫ್ತರು, ಕಚೇರಿಗಳಲ್ಲಿ ಪಳಗಿ ಬಂದದ್ದು. ಹೀಗಾಗಿ ಸಂವಿಧಾನದ ಭಾಷೆಗೆ ಬರುವ ಹೊತ್ತಿಗೆ ಅದು ಕರಂಡಕದಂತೆ ಹೊಳೆಯಲಿಲ್ಲ.

ಓದಿದವರು ಯಾರು

ಯನಬು ಅವರ ಸಾಕ್ಷ್ಯವೆಲ್ಲ ವಿದ್ವಾಂಸರ ಗದ್ಯದಿಂದ ಬಂದದ್ದು: ಫುಕುಜಾವಾ, ನಕಮುರಾ, ಓಗಾಯ್. ಖಾಲಿತನದ ಆರೋಪವನ್ನು ಪರೀಕ್ಷಿಸಬೇಕಾದರೆ ಪದಗಳನ್ನು ಬೇರೆಯವರು ಏನು ಮಾಡಿದರೆಂದು ನೋಡಬೇಕು. ಉಎಕಿ ಎಮೊರಿ 1879ರಲ್ಲಿ ‘ಮಿಂಕೆನ್ ಜಿಯೂ ರೊನ್’ ಎಂಬ ಹೊತ್ತಗೆಯನ್ನು ಹಳ್ಳಿಯವರಿಗೂ ತಿಳಿಯುವ ಆಡುಮಾತಿಗೆ ಹತ್ತಿರವಾಗಿ ಬರೆದರು. ಜನರ ಹಕ್ಕಿನ ವಿಷಯವನ್ನು ಎಣಿಕೆಯ ಹಾಡಾಗಿಯೂ ಕಟ್ಟಿದರು. ಖಾಲಿ ಪದವೊಂದನ್ನು ಹಾಡಬಹುದು, ನಿಜ. ಆದರೆ ಅದರಿಂದ ಸಂವಿಧಾನ ಬರೆಯುವುದು ಕಷ್ಟ. 1968ರಲ್ಲಿ ಚರಿತ್ರಕಾರ ಇರೊಕಾವಾ ದಾಯ್‌ಕಿಚಿ ಅವರ ತಂಡ ತೋಕ್ಯೊದ ಪಶ್ಚಿಮದ ಬೆಟ್ಟಸೀಮೆಯ ಹಳೆಯ ಉಗ್ರಾಣವೊಂದರಲ್ಲಿ ಒಂದು ಹಸ್ತಪ್ರತಿಯನ್ನು ಕಂಡಿತು. 1881ರಲ್ಲಿ ಇತ್ಸುಕಾಯ್ಚಿ ಎಂಬ ಊರಿನ ಶಾಲಾ ಅಧ್ಯಾಪಕ ಚಿಬಾ ತಕುಸಾಬುರೊ, ಊರಿನ ಚರ್ಚಾಕೂಟದ ಬೆಂಬಲದಿಂದ ಸಿದ್ಧಪಡಿಸಿದ 204 ವಿಧಿಗಳ ಸಂವಿಧಾನದ ಕರಡು ಅದು. ಅದರಲ್ಲಿ ‘ಕೆನ್ರಿ’, ‘ಜಿಯೂ’ ಪದಗಳು ಮೆರುಗಿಗಾಗಿ ಬಂದಿಲ್ಲ. ಯಾವುದು ಯಾರಿಗೆ ಸಲ್ಲಬೇಕು, ಆಳುವವರು ಯಾವುದನ್ನು ಮುಟ್ಟಬಾರದು ಎಂದು ವಿಧಿ ವಿಧಿಯಾಗಿ ವಿಂಗಡಿಸುವ ಕೆಲಸ ಮಾಡಿವೆ. ಎಂಟು ವರ್ಷಗಳ ನಂತರ, 1889ರಲ್ಲಿ ಘೋಷಿಸಲಾದ ಅಧಿಕೃತ ಸಂವಿಧಾನವೂ ಪ್ರಜೆಗಳ ‘ಕೆನ್ರಿ’ ಮತ್ತು ಕರ್ತವ್ಯಗಳಿಗೆ ಒಂದು ಅಧ್ಯಾಯ ಮೀಸಲಿಟ್ಟಿತು, ಆದರೆ ಅವನ್ನು ಕಾನೂನಿನ ಮಿತಿಯೊಳಗೆ ಕಟ್ಟಿಹಾಕಿತು. ಎರಡೂ ಪಠ್ಯಗಳಲ್ಲಿ ಪದ ಒಂದೇ, ಪದದ ಗತಿ ಬೇರೆ. ಈ ಅಂತರವನ್ನು ಅಕ್ಷರಗಳ ಅರ್ಥದಿಂದ ವಿವರಿಸಲಾಗದು. ವಾಕ್ಯಗಳಿಂದ, ಆ ವಾಕ್ಯಗಳ ಹಿಂದಿದ್ದ ಅಧಿಕಾರದಿಂದ ವಿವರಿಸಬಹುದು. ವೈದ್ಯಕೀಯ ಪದಕ್ಕೆ ಶವಚ್ಛೇದದ ಮೇಜು ಹೇಗೋ ‘ಕೆನ್ರಿ’ಗೆ ಇಂಥ ಕರಡುಗಳು ಹಾಗೆ.

ವಾಕ್ಯದೊಳಗಿನ ಅನ್ಯರು

ಪದವನ್ನೇ ಪ್ರಭಾವದ ಏಕಮಾನವೆಂದು ಹಿಡಿಯುವುದರಿಂದ ಆಗುವ ಇನ್ನೊಂದು ನಷ್ಟವೆಂದರೆ ಗದ್ಯದ ಚರಿತ್ರೆ ಕಣ್ಮರೆಯಾಗುವುದು. ‘ಬೊತಾನ್ ದೋರೋ’ ಎಂಬ ದೆವ್ವದ ಕಥೆಯನ್ನು ನೋಡಿ. ಮೂಲದಲ್ಲಿ ಚೀನೀ ಕಥೆ. 1666ರಲ್ಲಿ ಅಸಾಯ್ ರ್‍ಯೋಇ ಅದನ್ನು ಜಪಾನೀಕರಿಸಿದರು. ಹತ್ತೊಂಬತ್ತನೆಯ ಶತಮಾನದಲ್ಲಿ ರಕುಗೊ ಕಥನಕಾರ ಸಾನ್‌ಯೂತೇ ಎಂಚೊ ಅದನ್ನು ರಂಗದ ಮೇಲೆ ಹೇಳುತ್ತಿದ್ದರು. ತಕುಸಾರಿ ಕೋಕಿ ಅಮೆರಿಕದ ಪದ್ಧತಿಯೊಂದನ್ನು ಆಧರಿಸಿ 1882ರಲ್ಲಿ ಜಪಾನೀ ಶೀಘ್ರಲಿಪಿಯನ್ನು ರೂಪಿಸಿದ ಮೇಲೆ, ಎಂಚೊ ಅವರ ಬಾಯಿಮಾತು 1884ರಲ್ಲಿ ಅಕ್ಷರಶಃ ಮುದ್ರಣವಾಯಿತು. ಹೊಸ ಗದ್ಯ ಹೇಗೆ ಬರೆಯಲೆಂದು ತಿಳಿಯದೆ ಕುಳಿತಿದ್ದ ಫುತಬತೇ ಶಿಮೇ ಅವರಿಗೆ ತ್ಸುಬೊಉಚಿ ಶೋಯೊ ಕೊಟ್ಟ ಸಲಹೆ, ಎಂಚೊ ಹೇಳುವಂತೆ ಬರೆ ಎಂಬುದು. ಅದೇ ಫುತಬತೇ 1888ರಲ್ಲಿ ತುರ್ಗೆನೆವ್ ಅವರನ್ನು ಅನುವಾದಿಸುವಾಗ ರಷ್ಯನ್ ಮೂಲದ ಅಲ್ಪವಿರಾಮ, ಪೂರ್ಣವಿರಾಮಗಳ ಸಂಖ್ಯೆಯನ್ನೂ ಉಳಿಸಿಕೊಳ್ಳಲು ಹೆಣಗಿದ್ದಾಗಿ ನಂತರ ಬರೆದರು. ಆಧುನಿಕ ಜಪಾನೀ ಆಡುಮಾತಿನ ಗದ್ಯ, ಯಾವುದನ್ನು ನಾವು ‘ಮಾತು ಮತ್ತು ಬರಹದ ಏಕೀಕರಣ’ ಎನ್ನುತ್ತೇವೋ ಅದು, ಚೀನೀ ಕಥೆ, ದೇಶೀ ನಾಲಗೆ, ಅಮೆರಿಕದ ಲಿಪಿತಂತ್ರ, ರಷ್ಯನ್ ವಿರಾಮಚಿಹ್ನೆ ಇವುಗಳ ಕೂಡುವಿಕೆಯಲ್ಲಿ ಹುಟ್ಟಿತು. ಇದರಲ್ಲಿ ಯಾವ ಭಾಗ ‘ಸ್ವಂತ’ ಎಂದು ಗೆರೆ ಎಳೆಯುವವರ ಧೈರ್ಯವನ್ನು ಮೆಚ್ಚಬೇಕು.

ವಾಕ್ಯರಚನೆಯ ಪ್ರಭಾವಕ್ಕೆ ಇನ್ನೂ ಗಟ್ಟಿಯಾದ ಸಾಕ್ಷ್ಯ ಕರ್ಮಣಿ ಪ್ರಯೋಗದ್ದು. ‘ನಿ ಯೊತ್ತೆ’ಯಿಂದ ಕರ್ತೃವನ್ನು ಸೂಚಿಸುವ ಕರ್ಮಣಿ ವಾಕ್ಯವು ಡಚ್ ಅನುವಾದಗಳ ಮೂಲಕ ಬೆಳೆದು ಬಂತೆಂದು ಕಿನ್‌ಸುಯ್ ಸತೊಶಿ 1997ರ ಲೇಖನದಲ್ಲಿ ವಾದಿಸಿದ್ದಾರೆ. ಹಳೆಯ ‘ನಿ’ ಕರ್ಮಣಿಯಲ್ಲಿ ಯಾರೋ ಒಬ್ಬರ ಮೇಲೆ ಘಟನೆಯ ಪರಿಣಾಮ ಬೀಳುವ ಧ್ವನಿ ಸಾಮಾನ್ಯ. ಹೊಸದರಲ್ಲಿ ಆ ಧ್ವನಿಯಿಲ್ಲ, ಮನೆಯೊಂದು ಯಾರಿಂದಲೋ ಕಟ್ಟಲ್ಪಟ್ಟಿತೆಂದು ತಟಸ್ಥವಾಗಿ ಹೇಳಬಹುದು. ಇದು ಹೊಸ ಪದವಲ್ಲ, ಹೊಸ ದೃಷ್ಟಿಕೋನ. ಕರಂಡಕದ ರೂಪಕಕ್ಕೆ ಇದನ್ನು ಹಿಡಿದಿಡುವ ಶಕ್ತಿಯೇ ಇಲ್ಲ.

ಒಳಗಿನದು, ಹೊರಗಿನದು

ಪ್ರಭಾವದ ಚರ್ಚೆಯಲ್ಲಿ ನತ್ಸುಮೆ ಸೋಸೆಕಿ 1911ರಲ್ಲಿ ವಕಯಾಮಾದಲ್ಲಿ ಮಾಡಿದ ಉಪನ್ಯಾಸವನ್ನು ಎಲ್ಲರೂ ನೆನೆಯುತ್ತಾರೆ. ಪಶ್ಚಿಮದ ನಾಗರಿಕತೆ ಒಳಗಿನಿಂದ ಅರಳಿದ್ದು, ಜಪಾನಿನದು ಹೊರಗಿನ ಒತ್ತಡದಿಂದ ಮೂಡಿದ್ದು ಎಂಬ ಅವರ ಭೇದವು ಇಂದಿಗೂ ಗಾದೆಯಂತೆ ಚಲಾವಣೆಯಲ್ಲಿದೆ. ಆದರೆ ಸೋಸೆಕಿ ಬಳಸಿದ ಪದಗಳನ್ನು ಗಮನಿಸಿದವರು ಕಡಿಮೆ: ‘ನೈಹತ್ಸುತೆಕಿ’, ‘ಗೈಹತ್ಸುತೆಕಿ’. ಒಳಗಿನದನ್ನು ಹೊರಗಿನದರಿಂದ ಬೇರ್ಪಡಿಸಲು ಅವರಿಗೆ ಒದಗಿದ್ದು ಅನುವಾದದಿಂದ ಚಲಾವಣೆಗೆ ಬಂದ ಅದೇ ‘-ತೆಕಿ’. ಉಎದಾ ಕಜುತೊಶಿ ಅವರದೂ ಅದೇ ಕಥೆ. ಜರ್ಮನಿಯಲ್ಲಿ ಭಾಷಾವಿಜ್ಞಾನ ಕಲಿತು 1894ರಲ್ಲಿ ಮರಳಿದ ಅವರು ಜಪಾನೀ ಭಾಷೆಯನ್ನು ಜನಾಂಗದ ಆಧ್ಯಾತ್ಮಿಕ ರಕ್ತವೆಂದು ಬಣ್ಣಿಸಿದಾಗ, ‘ಆಧ್ಯಾತ್ಮಿಕ’ ಎಂಬ ವಿಶೇಷಣಕ್ಕೂ ‘-ತೆಕಿ’ಯೇ ಬೇಕಾಯಿತು, ‘ಕೊಕುಗೊ’, ಎಂದರೆ ರಾಷ್ಟ್ರಭಾಷೆ, ಎಂಬ ಕಲ್ಪನೆಯ ಬೇರುಗಳೂ ಬರ್ಲಿನ್, ಲೈಪ್‌ಜಿಗ್‌ಗಳ ಪಾಠದಲ್ಲಿದ್ದವು. ಇ ಯೊನ್‌ಸುಕ್ 1996ರ ಗ್ರಂಥದಲ್ಲಿ ಈ ಕಲ್ಪನೆ ವಸಾಹತುಗಳ ಭಾಷಾನೀತಿಯವರೆಗೆ ಹೇಗೆ ಚಾಚಿತೆಂದು ತೋರಿಸಿದ್ದಾರೆ. ತೈವಾನ್ ಮತ್ತು ಕೊರಿಯಾದ ಮಕ್ಕಳ ಮೇಲೆ ಹೇರಲ್ಪಟ್ಟ ‘ಸ್ವಂತ’ ಭಾಷೆಯ ಹಿಂದೆ ಇಂಥ ಎರವಲು ಕಲ್ಪನೆಯಿತ್ತು.

ಖಾಲಿತನದ ಸಿದ್ಧಾಂತವನ್ನು ಪ್ರಶ್ನಿಸುವುದು ಈ ಕಾರಣಕ್ಕಾಗಿ ಬರಿಯ ವಿದ್ವತ್ ಕಲಹವಲ್ಲ. ಅನುವಾದಪದ ಖಾಲಿ ಎಂದು ಒಪ್ಪಿದರೆ ಮುಂದೆ ಎರಡೇ ದಾರಿ: ಮೊರಿಯವರಂತೆ ಭಾಷೆಯನ್ನೇ ಬಿಟ್ಟುಬಿಡುವುದು, ಇಲ್ಲವೇ ಉಎದಾ ಅವರ ಹಾದಿಯಲ್ಲಿ ಕಲಬೆರಕೆಯಿಲ್ಲದ ತಿರುಳನ್ನು ಹುಡುಕುವುದು. ಯನಬು ಎರಡನ್ನೂ ಬಯಸಿದವರಲ್ಲ. ಆದರೂ ಅವರ ಪುಸ್ತಕದ ಓದುಗರಲ್ಲಿ ‘ನಮ್ಮ ಭಾಷೆಯಲ್ಲಿ ತತ್ವಚಿಂತನೆ ಸಾಧ್ಯವಿಲ್ಲ’ ಎಂಬ ನಿಟ್ಟುಸಿರು ಮತ್ತೆ ಮತ್ತೆ ಕೇಳಿಬರುತ್ತದೆ. ಕನ್ನಡದ ಪಾರಿಭಾಷಿಕ ಪದಗಳನ್ನು ಕುರಿತ ನಮ್ಮ ಚರ್ಚೆಗಳಲ್ಲೂ, ಡಿ. ಎನ್. ಶಂಕರ ಭಟ್ಟರು ಎತ್ತಿದ ನ್ಯಾಯವಾದ ಪ್ರಶ್ನೆಗಳ ಸುತ್ತ, ಈ ನಿಟ್ಟುಸಿರು ಅಪರಿಚಿತವಲ್ಲ. ಭಟ್ಟರ ಆಕ್ಷೇಪ ವ್ಯಾಕರಣದ ಚೌಕಟ್ಟಿನ ಬಗೆಗೆ ಇದ್ದಾಗ ಅದಕ್ಕೆ ಉತ್ತರ ಕೊಡುವುದು ಕಷ್ಟ. ಅದನ್ನು ಪ್ರತಿಯೊಂದು ಎರವಲು ಪದಕ್ಕೂ ವಿಸ್ತರಿಸುವವರು ಮಾತ್ರ ಯನಬು ಅವರ ರೂಪಕವನ್ನು ತಿಳಿಯದೆಯೇ ಎರವಲು ಪಡೆದಿರುತ್ತಾರೆ.

ಚೀನಾಕ್ಕೆ ಮರಳಿದ ಪದಗಳ ವಿಷಯವನ್ನು ಯನಬು ಈ ಪುಸ್ತಕದಲ್ಲಿ ಮುಖ್ಯವಾಗಿಸಿಲ್ಲ. ಅಲ್ಲಿ ಯೆನ್ ಫು ಸಮಾಜಕ್ಕೆ ‘ಚ್ಯುನ್’ ಎಂಬ ಹಳೆಯ, ಅರ್ಥಭರಿತ ಪದವನ್ನು ಪ್ರತಿಪಾದಿಸಿದ್ದರು. 1903ರಲ್ಲಿ ಮಿಲ್ ಅವರ ಅದೇ ಗ್ರಂಥವನ್ನು ತರುವಾಗ ಶೀರ್ಷಿಕೆಯಲ್ಲಿಯೇ ಅದನ್ನಿಟ್ಟರು. ಗೆದ್ದದ್ದು ಜಪಾನಿನಿಂದ ಬಂದ ಪದ, ಚೀನೀ ಉಚ್ಚಾರಣೆಯಲ್ಲಿ ‘ಶೆಹುಯ್’. ಅದೇ ಅಕ್ಷರಗಳು ಬಹಳ ಹಿಂದೆ ಚೀನಾದಲ್ಲಿ ಭೂದೇವತೆಯ ಗುಡಿಯ ಸುತ್ತ ಸೇರುವ ಜನಕೂಟವನ್ನು ಸೂಚಿಸುತ್ತಿದ್ದವು.

ಕೊನೆಯ ಅಧ್ಯಾಯದ ‘ಕರೆ’, ‘ಕನೊಜೊ’ಗಳು ಉಳಿದಿವೆ. ಹೊಸ ಅನುವಾದಪದಗಳ ಸಾಲಿನಲ್ಲಿ ಇವನ್ನು ಕೂಡಿಸಿದ್ದೇ ಯನಬು ಅವರ ಸೂಕ್ಷ್ಮತೆಗೆ ಸಾಕ್ಷಿ. ಆದರೆ ಅವರ ಸಿದ್ಧಾಂತಕ್ಕೆ ದೊಡ್ಡ ಸವಾಲೂ ಇವೇ. ‘ಕರೆ’ ಅಚ್ಚ ಜಪಾನೀ ಪದ, ದೂರದರ್ಶಕ, ಮೊದಲು ಲಿಂಗಭೇದವಿಲ್ಲದ್ದು. ‘ಆ ಹೆಂಗಸು’ ಎಂಬರ್ಥದ ‘ಕನೊ ಒನ್ನಾ’ದಲ್ಲಿ ಎರಡನೆಯ ಅಕ್ಷರವನ್ನು ಚೀನೀ ರೀತಿಯಲ್ಲಿ ಓದಿ ‘ಕನೊಜೊ’ ಆಯಿತು. ಕನ್ನಡದ ‘ಅವನು’, ‘ಅವಳು’ ಕೂಡ ದೂರದರ್ಶಕ ಮೂಲದವೇ. ಆದರೆ ಲಿಂಗಭೇದ ನಮ್ಮಲ್ಲಿ ಮೊದಲಿನಿಂದ ಇತ್ತು, ಅಲ್ಲಿ ಅದು ಯುರೋಪಿನ ಸರ್ವನಾಮಗಳನ್ನು ಅನುವಾದಿಸುವ ಅಗತ್ಯದಿಂದ ಬಂತು. 1907ರಲ್ಲಿ ತಯಾಮಾ ಕತಾಯ್ ಅವರ ‘ಫುತೊನ್’ ತನ್ನ ನಾಯಕನನ್ನು ಮೊದಲ ಪುಟದಿಂದಲೇ ಈ ಸರ್ವನಾಮದಿಂದ ಸೂಚಿಸುತ್ತದೆ. ಆಧುನಿಕ ಕಾದಂಬರಿಯ ಒಳಮನಸ್ಸಿಗೆ ಅದೊಂದು ಕೊಂಡಿಯಾಯಿತು.

ಆದರೆ ಪಟ್ಟಿಯಲ್ಲಿ ಜಾಗ ಸಿಕ್ಕ ಮಾತ್ರಕ್ಕೆ ವಾಕ್ಯದಲ್ಲಿ ಅದೇ ಹಕ್ಕು ಸಿಗಲಿಲ್ಲ. ಗುರುಗಳನ್ನು, ಹಿರಿಯರನ್ನು ‘ಕರೆ’ ಎನ್ನುವುದು ಇಂದಿಗೂ ಒರಟು. ವಾಕ್ಯವಿಜ್ಞಾನಿಗಳು ಬಹುಕಾಲದಿಂದ ಚರ್ಚಿಸುತ್ತಿರುವ ಇನ್ನೊಂದು ಸಂಗತಿ: ‘ಪ್ರತಿಯೊಬ್ಬನೂ’ ಎಂಬಂಥ ಪರಿಮಾಣವಾಚಿಗೆ ಬದ್ಧವಾದ ಚರವಾಗಿ ‘ಕರೆ’ ಸುಲಭವಾಗಿ ನಿಲ್ಲುವುದಿಲ್ಲ. ‘ದರೆಮೊ ಗ ಕರೆ ನೊ ಹಹಾ ಒ ಆಯ್‌ಶಿತೆ ಇರು’ ಎಂದರೆ ಎಲ್ಲರೂ ಒಬ್ಬ ನಿರ್ದಿಷ್ಟ ಗಂಡಸಿನ ತಾಯಿಯನ್ನು ಪ್ರೀತಿಸುತ್ತಾರೆ ಎಂದಾಗುತ್ತದೆ, ತಂತಮ್ಮ ತಾಯಿಯನ್ನು ಎಂದಲ್ಲ. ದರ್ಶಕದ ಹಳೆಯ ಸ್ವಭಾವ ಸರ್ವನಾಮದ ಹೊಸ ಉಡುಪಿನೊಳಗೆ ಉಳಿದಿದೆ ಎಂದೇ ನನ್ನ ಅನಿಸಿಕೆ. ಈ ಗುಣವನ್ನು ಜಪಾನೀ ಭಾಷೆಯ ಸಾರ್ವಕಾಲಿಕ ಲಕ್ಷಣವೆಂದು ಬಳಸುವ ಪ್ರಬಂಧಗಳು ಆ ಸರ್ವನಾಮದ ವಯಸ್ಸನ್ನು ಕೇಳುವುದು ಅಪರೂಪ. ಅಂಥ ಉದಾಹರಣೆ ವಾಕ್ಯದ ಕ್ರಿಯಾಪದವೂ ಅಷ್ಟೇ: ‘ಆಯ್’ ಎಂಬ ಚೀನೀ ಮೂಲದ ಪದ ಬೌದ್ಧ ಗ್ರಂಥಗಳಲ್ಲಿ ಬಿಡಬೇಕಾದ ಮೋಹವನ್ನು ಸೂಚಿಸುತ್ತಿತ್ತು, ಅದಕ್ಕೆ ‘ಸುರು’ ಸೇರಿಸಿ ತಾಯಿಯನ್ನು ‘ಪ್ರೀತಿಸುವ’ ಮಾತಾಗಿಸಿದ ಬಳಕೆ ಮೇಜಿ ಅನುವಾದಗಳ ನೆರಳಿನಲ್ಲಿ ಬೆಳೆದದ್ದು.